ಸೈಕಲ್‌ಗೆ ಕಾರು ಗುದ್ದಿದ ಕೇಸು: ಪರಿಹಾರ ಬಂದದ್ದು ಹೇಗೆ, ನನ್ನ ಅನುಭವ

ಸೈಕಲ್‌ನವನಿಗೆ ಎಲ್ಲಿಯ ಪರಿಹಾರ ಎಂದು ನಕ್ಕವರೇ ಜಾಸ್ತಿ. ತುಮಕೂರು ಬಸ್ ಸ್ಟ್ಯಾಂಡ್ ಹತ್ತಿರ ನನ್ನ ಜೊತೆ ಬೆಳಗಿನ ಜಾವ ಪೇಪರ್ ಬಂಡಲ್ ಬಿಚ್ಚುವ ಹುಡುಗರೇ, "ಅಣ್ಣಾ, ಹತ್ತೋ ಇಪ್ಪತ್ತೋ ಸಾವಿರ ಇಸ್ಕೊಂಡು ಬಿಟ್ಟುಬಿಡಿ" ಎಂದಿದ್ದರು. ಈಗ ಬಡ್ಡಿ ಸೇರಿ ಎಂಟೂವರೆ ಲಕ್ಷದ ಹತ್ತಿರ ಬಂದಿದೆ. ಅದೇ ಹುಡುಗರು "ಹೆಂಗ್ ಮಾಡಿದ್ರಿ" ಎಂದು ಕೇಳುತ್ತಾರೆ. ಒಬ್ಬೊಬ್ಬರಿಗೂ ಹೇಳಿ ಸಾಕಾಯಿತು, ಬರೆದೇ ಬಿಡುತ್ತೇನೆ. ಎಫ್‌ಐಆರ್ ಅಂದರೆ ಪೊಲೀಸರ ಮೊದಲ ವರದಿ, ಮಹಜರು ಅಂದರೆ ಸ್ಥಳ ನೋಡಿ ಅವರು ಬರೆಯುವ ದಾಖಲೆ, ಚಾರ್ಜ್‌ಶೀಟ್ ಅಂದರೆ ಆರೋಪಪಟ್ಟಿ; ಅದಕ್ಕಿಂತ ಹೆಚ್ಚು ಇಲ್ಲಿ ವಿವರಿಸುವುದಿಲ್ಲ. ಒಮ್ಮೆ ಕೋರ್ಟ್ ಮೆಟ್ಟಿಲು ಹತ್ತಿದವರಿಗೆ ಅದೆಲ್ಲ ಗೊತ್ತು.

ನಡೆದದ್ದು ಇಷ್ಟು. 2022ರ ಡಿಸೆಂಬರ್, ಬೆಳಿಗ್ಗೆ ಐದರ ಸುಮಾರು, ಮನೆ ಮನೆಗೆ ಪೇಪರ್ ಹಾಕಲು ಸೈಕಲ್‌ನಲ್ಲಿ ಬಿ.ಎಚ್. ರಸ್ತೆಯಲ್ಲಿ ಬಟವಾಡಿ ಕಡೆಗೆ ಹೋಗುತ್ತಿದ್ದೆ. ಕಾರು ಹಿಂದಿನಿಂದ ಗುದ್ದಿತು. ಎಡಗಾಲಿನ ಮೂಳೆ ಮೊಣಕಾಲ ಕೆಳಗೆ ಮುರಿಯಿತು. ಪ್ಲೇಟು, ಸ್ಕ್ರೂ ಎಲ್ಲ ಬಿತ್ತು. ಕಾರಿನವರೇ ಆಸ್ಪತ್ರೆಗೆ ಸೇರಿಸಿದರು, ಅಷ್ಟರ ಮಟ್ಟಿಗೆ ಒಳ್ಳೆಯವರು. ಕಂಪ್ಲೇಂಟ್ ಬೇಡ, ಬಿಲ್ಲೆಲ್ಲ ನಾವೇ ಕಟ್ಟುತ್ತೇವೆ ಎಂದರು. ಇಪ್ಪತ್ತು ಸಾವಿರ ಕೊಟ್ಟ ಮೇಲೆ ಫೋನ್ ಸ್ವಿಚ್ ಆಫ್.

ಮೊದಲ ದಿನ ನನ್ನ ಹೆಂಡತಿ ಮಾಡಿದ ಒಂದು ಕೆಲಸ ಇಡೀ ಕೇಸನ್ನು ಉಳಿಸಿತು. ಕೇಸ್ ಶೀಟ್‌ನಲ್ಲಿ ಡ್ಯೂಟಿ ಡಾಕ್ಟರು ಸುಮ್ನೆ "ಸೈಕಲ್‌ನಿಂದ ಬಿದ್ದದ್ದು" ಎಂದು ಬರೆಯಲು ಹೊರಟಿದ್ದರು. ಅವಳು ಪಟ್ಟು ಹಿಡಿದು "ಕಾರು ಗುದ್ದಿದ್ದು" ಎಂದೂ ಕಾರಿನ ನಂಬರನ್ನೂ ಬರೆಸಿದಳು. ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಕೇಸು ಎಂಬ ಆಸ್ಪತ್ರೆಯ ದಾಖಲೆ) ಆಗಲೇಬೇಕು ಎಂದು ಕೂತಳು. ಮುಂದೆ ಎಫ್‌ಐಆರ್ ಎರಡು ದಿನ ತಡವಾಗಿದೆ, ಈ ಕಾರನ್ನು ಆಮೇಲೆ ಸೇರಿಸಿದ್ದಾರೆ ಎಂದು ಕಾರಿನ ಇನ್ಶುರೆನ್ಸ್ ಕಂಪನಿ ಕಡೆಯ ವಕೀಲರು ಎದ್ದು ನಿಂತಾಗ ಆ ಒಂದು ಸಾಲು ಸಾಕಾಯಿತು. ತಾನಾಗಿ ಬಿದ್ದ ಎಂದು ಮೊದಲ ದಿನದ ಚೀಟಿಯಲ್ಲಿ ಇದ್ದರೆ ಆಮೇಲೆ ಎಷ್ಟು ಸಾಕ್ಷಿ ತಂದರೂ ಕಷ್ಟ.

ಮೊದಲ ವಕೀಲರು ಆಸ್ಪತ್ರೆಯ ಬೆಡ್ ಹತ್ತಿರವೇ ಬಂದವರು. ಕೇಸು ನಡೆಸಲು ಅಧಿಕಾರ ಕೊಡುವ ವಕಾಲತ್ತಿಗೆ ಖಾಲಿಯಿದ್ದಂತೆಯೇ ಸಹಿ, ಬಂದದ್ದರಲ್ಲಿ ನೂರಕ್ಕೆ ಇಪ್ಪತ್ತೈದು ಅವರಿಗೆ. ಗೆದ್ದ ದುಡ್ಡಿನಲ್ಲಿ ಪಾಲು ಕೇಳುವುದು ಬಾರ್ ಕೌನ್ಸಿಲ್ ನಿಯಮಕ್ಕೇ ವಿರುದ್ಧ. ಅದು ನನಗೆ ತಿಳಿಯುವಷ್ಟರಲ್ಲಿ ನಾಲ್ಕು ತಿಂಗಳು ಕಳೆದಿತ್ತು, ಅರ್ಜಿ ಮಾತ್ರ ಹಾಕಿರಲಿಲ್ಲ. 2022ರ ಏಪ್ರಿಲ್ 1ರಿಂದ ಮೋಟಾರು ವಾಹನ ಕಾಯ್ದೆಯ 166(3)ನೇ ಕಲಂ ಮತ್ತೆ ಜಾರಿಯಲ್ಲಿತ್ತು, ಅದರಂತೆ ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಬೀಳಬೇಕಿತ್ತು. "ಚಾರ್ಜ್‌ಶೀಟ್ ಬರಲಿ ಬಿಡಿ" ಎಂದು ಅವರು ತಳ್ಳುತ್ತಲೇ ಇದ್ದರು. ಎಂಟು ಸಾವಿರ ಕೊಟ್ಟು, ಬೇರೆ ವಕೀಲರಿಗೆ ಹೋಗಲು ಅಭ್ಯಂತರವಿಲ್ಲ ಎಂಬ ಎನ್‌ಓಸಿ ಬಿಡಿಸಿಕೊಂಡೆ. ಎರಡನೆಯವರು ಒಬ್ಬ ಲಾಯರ್ ಮೇಡಂ. ಅರವತ್ತು ಸಾವಿರ ಫಿಕ್ಸ್, ಕಂತಿನಲ್ಲಿ. ಐದನೇ ತಿಂಗಳ ಕೊನೆಯಲ್ಲಿ ಜಿಲ್ಲಾ ನ್ಯಾಯಾಲಯದಲ್ಲಿ ಅರ್ಜಿ ಬಿತ್ತು.

ಆಗಲೂ ಸಲಹೆ ಕೊಡುವವರು ಬಿಡಲಿಲ್ಲ. ಅದೇ ಕಾಯ್ದೆಯ 164ನೇ ಕಲಂನಲ್ಲಿ ಹಾಕು, ಯಾರ ತಪ್ಪು ಎಂದು ಸಾಬೀತು ಮಾಡುವ ಗೋಳಿಲ್ಲ, ಗಂಭೀರ ಗಾಯಕ್ಕೆ ಎರಡೂವರೆ ಲಕ್ಷ ಸಿಗುತ್ತೆ, ಮುಗಿಸು ಎಂದರು. ಆಸ್ಪತ್ರೆ, ಔಷಧಿಗೇ ಒಂದು ಮುಕ್ಕಾಲು ಲಕ್ಷ ಹೋಗಿತ್ತು. ಪ್ಲೇಟು ತೆಗೆಸುವುದು ಬಾಕಿ. ಉಳಿಯುವುದೇನು? ತಪ್ಪು ಸಾಬೀತು ಮಾಡಿ ಪೂರ್ತಿ ನಷ್ಟ ಕೇಳುವ 166ರಲ್ಲೇ ಹಾಕಿ ಎಂದು ನಾನೇ ಮೇಡಂಗೆ ಹೇಳಿದೆ.

ನಮ್ಮಂಥವರು ಸೋಲುವುದು ಆದಾಯದ ಲೆಕ್ಕದಲ್ಲಿ. ನಮಗೆ ಸ್ಯಾಲರಿ ಸ್ಲಿಪ್ ಎಲ್ಲಿದೆ? ಪುರಾವೆ ಇಲ್ಲದಿದ್ದರೆ ಕೋರ್ಟು ತಾನೇ ಒಂದು ಅಂದಾಜು ಹಾಕುತ್ತದೆ. ನನ್ನದಕ್ಕೆ ತಿಂಗಳಿಗೆ ಹದಿನೈದು ಸಾವಿರದ ಮೇಲೆ ಬೇಡ ಎಂದು ಇನ್ಶುರೆನ್ಸ್‌ನವರ ವಾದ. ಏಜೆನ್ಸಿಯಿಂದ ಕಮಿಷನ್ ಬಗ್ಗೆ ಒಂದು ಪತ್ರ ತಂದೆ. ಬರೆದವರು ಬಂದು ಸಾಕ್ಷಿ ಹೇಳಬೇಕು ಎಂದರು, ಅವರು ಬರಲೊಪ್ಪಲಿಲ್ಲ. ಪತ್ರ ಬಿತ್ತು. ಆಮೇಲೆ ಬೇರೆ ದಾರಿ ಹಿಡಿದೆ. ಎಸ್‌ಐಟಿ ಬಡಾವಣೆ, ಸೋಮೇಶ್ವರಪುರಂ ಕಡೆ ನನ್ನ ಗಿರಾಕಿಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಮನೆಯವರು ತಿಂಗಳ ದುಡ್ಡನ್ನು ಫೋನ್‌ಪೇ ಮಾಡುತ್ತಾರೆ. ಎರಡು ವರ್ಷದ ಸ್ಟೇಟ್‌ಮೆಂಟ್‌ಗೆ ಬ್ಯಾಂಕ್ ಸೀಲ್ ಹಾಕಿಸಿದೆ. ಕಲೆಕ್ಷನ್ ಪುಸ್ತಕ ಪಕ್ಕಕ್ಕಿಟ್ಟು ಯಾವ ಮನೆ, ಯಾವ ತಿಂಗಳು, ಎಷ್ಟು ಎಂದು ಪೆನ್ಸಿಲ್‌ನಲ್ಲಿ ಗುರುತು ಮಾಡಿದೆ. ಒಬ್ಬ ರಿಟೈರ್ಡ್ ಮೇಷ್ಟ್ರು ಗಿರಾಕಿ ಕೋರ್ಟಿಗೇ ಬಂದು, "ಇವನು ಬರದಿದ್ದ ನಾಲ್ಕು ತಿಂಗಳು ನಮಗೆ ಪೇಪರ್ ಇರಲಿಲ್ಲ" ಎಂದರು. ಪಾಟೀ ಸವಾಲಿನಲ್ಲಿ ಪುಸ್ತಕದ ಒಂದು ಪುಟವನ್ನು ಬೇಕಂತಲೇ ಕೊನೆಗೆ ತೆಗೆದೆವು. ಯಾವ ಪುಟ, ಅದರಲ್ಲಿ ಏನಿತ್ತು ಎನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ತಿಂಗಳ ಆದಾಯ ಇಪ್ಪತ್ತೈದು ಸಾವಿರ ಎಂದು ಕೇಳಿದ್ದೆವು, ಕೋರ್ಟಿನವರು ಹದಿನೆಂಟಕ್ಕೆ ಒಪ್ಪಿದರು. ಸಾಲ್ದು ಅನಿಸಿದರೂ ನಮ್ಮ ಕೆಲಸಕ್ಕೆ ಅಷ್ಟು ಸಿಕ್ಕವರನ್ನು ನಾನಂತೂ ನೋಡಿಲ್ಲ.

ಇನ್ನು ಸೈಕಲ್ ವಿಷಯ. ಕತ್ತಲು, ಲೈಟಿಲ್ಲ, ಹಿಂದೆ ಮುಂದೆ ಪೇಪರ್ ಭಾರ, ಇವನದೂ ತಪ್ಪಿದೆ, ನೂರಕ್ಕೆ ನಲವತ್ತು ಕಡಿಯಿರಿ ಎಂಬುದು ಎದುರಿನವರ ದೊಡ್ಡ ಅಸ್ತ್ರ. ಮಹಜರಿನಲ್ಲಿ ಕಾರಿನ ಬಗ್ಗೆ ಅರ್ಧ ಪುಟ ಇತ್ತು, ಸೈಕಲ್ ಬಗ್ಗೆ "ಜಖಂ" ಎಂಬ ಒಂದೇ ಮಾತು. ಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನನ್ನ ತಮ್ಮ ಸ್ಥಳದಲ್ಲೇ ಫೋಟೋ ತೆಗೆದಿದ್ದ. ಹಿಂದಿನ ರಿಮ್ ಮಡಚಿಕೊಂಡಿದೆ, ಮುಂದಿನ ಚಕ್ರ ನೆಟ್ಟಗಿದೆ, ಮಡ್‌ಗಾರ್ಡ್ ಮೇಲೆ ಕೆಂಪು ರಿಫ್ಲೆಕ್ಟರ್ ಒಡೆದು ಅಂಟಿಕೊಂಡಿದೆ. ಮೋಟಾರು ವಾಹನ ಇನ್ಸ್‌ಪೆಕ್ಟರ್ ಕಾರು ನೋಡಿ ಬರೆದ ಐಎಂವಿ ರಿಪೋರ್ಟ್‌ನಲ್ಲಿ ಕಾರಿನ ಎಡ ಮುಂಭಾಗ ಒಳಕ್ಕೆ ಹೋಗಿದೆ ಎಂದಿತ್ತು. ಎರಡನ್ನೂ ಪಕ್ಕ ಪಕ್ಕ ಇಟ್ಟರೆ ಬೇರೆ ಮಾತೇ ಬೇಕಿಲ್ಲ ಅಲ್ವಾ? ಆ ಸೈಕಲನ್ನು ಗುಜರಿಯವನು ಆರು ನೂರಕ್ಕೆ ಕೇಳಿದ. ಕೊಡಲಿಲ್ಲ. ಕೇಸು ಮುಗಿಯುವವರೆಗೆ ಟಾರ್ಪಾಲ್ ಸುತ್ತಿ ಹಿತ್ತಲಲ್ಲಿಟ್ಟಿದ್ದೆ. ಇದಲ್ಲದೆ ಒಂದು ಬೇಕರಿಯ ಸಿಸಿಟಿವಿ ತುಣುಕು ಸಿಕ್ಕಿತು. ಇಂಥ ಕ್ಯಾಮೆರಾಗಳಲ್ಲಿ ಸ್ವಲ್ಪ ದಿನಕ್ಕೇ ಹಳೆಯದು ಅಳಿಸಿಹೋಗುತ್ತದೆ, ಜೊತೆಗೆ ವಿಡಿಯೋ ಬಗ್ಗೆ ದೃಢೀಕರಣದ ಸರ್ಟಿಫಿಕೇಟ್ ಇಲ್ಲದಿದ್ದರೆ ಪೆನ್‌ಡ್ರೈವ್‌ಗೆ ಬೆಲೆ ಇಲ್ಲ. ಅದು ಹೇಗೆ ಸಿಕ್ಕಿತು ಎಂದು ಕೇಳಬೇಡಿ, ಬೇಕರಿಯವರಿಗೆ ತೊಂದರೆ ಆಗುವುದು ಬೇಡ. ಕೊನೆಗೆ ಒಂದು ಪೈಸೆಯೂ ಕಡಿಯಲಿಲ್ಲ.

ಈ ರಿಫ್ಲೆಕ್ಟರ್ ಹುಚ್ಚು ಅಲ್ಲಿಗೆ ನಿಲ್ಲಲಿಲ್ಲ. ಕಾಲು ಸ್ವಲ್ಪ ಸುಧಾರಿಸಿದ ಮೇಲೆ ಗೆಳೆಯನ ಕಾರು ತೆಗೆದುಕೊಂಡು ರಿಂಗ್ ರಸ್ತೆಯಲ್ಲಿ ಕತ್ತಲಿರುವಾಗಲೇ ನೋಡಿದೆವು. ಡಿಮ್ ಲೈಟಿನಲ್ಲಿ ಒರೆಸಿದ ರಿಫ್ಲೆಕ್ಟರ್ ಎಂಬತ್ತು ಹೆಜ್ಜೆ ದೂರಕ್ಕೇ ಹೊಳೆಯಿತು. ಕೆಸರು ಮೆತ್ತಿದ್ದು ಇಪ್ಪತ್ತು ಹೆಜ್ಜೆಗೂ ಕಾಣಲಿಲ್ಲ. ಲಾರಿಗೆ ಅಂಟಿಸುವ ಕೆಂಪು ಟೇಪು ಪೇಪರ್ ಚೀಲಕ್ಕೆ ಹಚ್ಚಿದರೆ ಎಲ್ಲಕ್ಕಿಂತ ಚೆನ್ನಾಗಿ ಕಂಡಿತು. ಮೇಡಂಗೆ ವಿಡಿಯೋ ತೋರಿಸಿದರೆ ನಕ್ಕರು, ಕೋರ್ಟಿಗೆ ಬೇಡ ಎಂದರು. ಟೇಪು ಮಾತ್ರ ನಮ್ಮ ಹುಡುಗರೆಲ್ಲರ ಚೀಲದಲ್ಲಿ ಈಗಲೂ ಇದೆ. ಸೈಕಲ್‌ಗೆ ಮೋಟಾರ್ ಕಿಟ್ ಹಾಕಿಸಿಯೂ ನೋಡಿದೆ, ಹದಿನೆಂಟು ಸಾವಿರ ಹೋಯಿತು. ಮನೆ ಮನೆಗೆ ನಿಲ್ಲಿಸಿ ಹೊರಡುವ ನಮ್ಮ ಕೆಲಸಕ್ಕೆ ಅದು ಆಗುವುದಿಲ್ಲ. ಬ್ಯಾಟರಿ ಕುವೆಂಪು ನಗರ ದಾಟುವುದರೊಳಗೆ ಮಲಗುತ್ತಿತ್ತು.

ಅಂಗವೈಕಲ್ಯದ ಲೆಕ್ಕದಲ್ಲಿ ಅಂದುಕೊಂಡಷ್ಟು ಆಗಲಿಲ್ಲ. ಡಾಕ್ಟರು ಕಾಲಿಗೆ ನೂರಕ್ಕೆ 36 ಎಂದು ಬರೆದರು. ಅದರ ಮೂರನೇ ಒಂದು ಭಾಗ, ಅಂದರೆ 12, ಇಡೀ ದೇಹಕ್ಕೆ. ಮೆಟ್ಟಿಲು ಹತ್ತಿ ಇಳಿಯುವ ಕೆಲಸ, ದುಡಿಮೆಗೆ ಬಿದ್ದ ಪೆಟ್ಟು ನೋಡಿ ಎಂದು ಮೇಡಂ ಸುಪ್ರೀಂ ಕೋರ್ಟಿನ 2010ರ ರಾಜ್‌ಕುಮಾರ್ ವಿರುದ್ಧ ಅಜಯ್ ಕುಮಾರ್ ತೀರ್ಪು ಹಿಡಿದು 20 ಕೇಳಿದರು. 12ರಲ್ಲೇ ನಿಂತಿತು. ಆಗ ನನಗೆ 38 ವರ್ಷ, ಆ ವಯಸ್ಸಿಗೆ ವರ್ಷದ ಆದಾಯವನ್ನು ಗುಣಿಸುವ ಸಂಖ್ಯೆ, ಅಂದರೆ ಗುಣಕ, 15. ಹದಿನೆಂಟು ಸಾವಿರ, ಹನ್ನೆರಡು ತಿಂಗಳು, 15, ಅದರ ಶೇ. 12, ಒಟ್ಟು ಮೂರು ಲಕ್ಷ ಎಂಬತ್ತೆಂಟು ಸಾವಿರ ಚಿಲ್ಲರೆ. ಡಾಕ್ಟರನ್ನು ಸಾಕ್ಷಿಗೆ ಕರೆಸಲು ಹತ್ತು ಸಾವಿರದ ಮೇಲಾಯಿತು. ದುಬಾರಿ ಎಂದು ಇದನ್ನು ಬಿಡುವವರಿದ್ದಾರೆ. ಡಾಕ್ಟರ್ ಬಾಯಿಂದ ಬರದ ಸರ್ಟಿಫಿಕೇಟನ್ನು ಎದುರಿನವರು ಸುಲಭವಾಗಿ ಹೊಡೆದುಹಾಕುತ್ತಾರೆ.

ಔಷಧಿ ಬಿಲ್ಲುಗಳಲ್ಲಿ ಸುಮಾರು ಮೂವತ್ತು ಸಾವಿರದಷ್ಟು ತಳ್ಳಿಹಾಕಿದರು. ಕೆಲವಕ್ಕೆ ಡಾಕ್ಟರ್ ಚೀಟಿ ಇರಲಿಲ್ಲ, ಕೆಲವು ಶಾಯಿ ಮಾಸಿ ಬಿಳಿ ಕಾಗದವಾಗಿದ್ದವು. ಮೆಡಿಕಲ್ ಸ್ಟೋರ್‌ನ ಆ ತೆಳು ರಸೀದಿಗಳನ್ನು ಅವತ್ತೇ ಜೆರಾಕ್ಸ್ ಮಾಡಿಸಿ, ಮೂಲದ ಜೊತೆ ಪಿನ್ ಹೊಡೆದಿಡಿ. ನೋವು, ಕೆಲಸವಿಲ್ಲದ ನಾಲ್ಕು ತಿಂಗಳು, ಊಟ, ಆಟೋ, ಮುಂದಿನ ಆಪರೇಷನ್ ಎಲ್ಲ ಸೇರಿ ಏಳೂವರೆ ಲಕ್ಷದ ಆಸುಪಾಸು. ಅದರ ಮೇಲೆ ಶೇ. 6 ಬಡ್ಡಿ.

ಮಧ್ಯೆ ಲೋಕ ಅದಾಲತ್‌ನಲ್ಲಿ ಮೂರೂವರೆ ಲಕ್ಷಕ್ಕೆ ರಾಜಿಗೆ ಕರೆದಿದ್ದರು. ಅಲ್ಲಿ ರಾಜಿಯಾದರೆ ಮೇಲ್ಮನವಿ ಇಲ್ಲ. ಮನೆಯಲ್ಲಿ ಚಿನ್ನ ಅಡವಿತ್ತು, ಭಾವಮೈದುನ "ತಗೊಳ್ಳಿ ಭಾವ" ಎಂದು ಜಗಳವನ್ನೇ ಆಡಿದ. ಎದ್ದು ಬಂದೆ. ಅವನು ಈಗ ಎಲ್ಲರ ಹತ್ತಿರ "ನಾನೇ ಹೇಳಿದ್ದೆ ಬಿಡಬೇಡಿ ಅಂತ" ಎನ್ನುತ್ತಾನೆ.

ಆದೇಶವಾದ ಮೂವತ್ತು ದಿನದಲ್ಲಿ ಕಂಪನಿ ದುಡ್ಡು ಕಟ್ಟಬೇಕು. ಕಟ್ಟಲಿಲ್ಲ, ಆದೇಶ ಜಾರಿ ಮಾಡಿಸಿ ಎಂದು ಎಕ್ಸಿಕ್ಯೂಷನ್ ಅರ್ಜಿ ಹಾಕಿದ ಮೇಲೆ ಕಟ್ಟಿದರು. ಮೂರನೇ ಒಂದು ಭಾಗ ಎಫ್‌ಡಿಯಲ್ಲಿದೆ. ಪರಿಹಾರದ ಬಡ್ಡಿಯಲ್ಲಿ ಶೇ. 10 ಟಿಡಿಎಸ್ (ಮೊದಲೇ ಕಡಿಯುವ ಆದಾಯ ತೆರಿಗೆ) ಹಿಡಿದರು. ಪ್ಯಾನ್ ಕೊಟ್ಟಿರದಿದ್ದರೆ ಅದು ಇಪ್ಪತ್ತಾಗುತ್ತಿತ್ತು. ಹನ್ನೊಂದು ಸಾವಿರದ ಹತ್ತಿರ ಇತ್ತು, ರಿಟರ್ನ್ ಹಾಕಿ ವಾಪಸ್ ಕೇಳಿದ್ದೇನೆ, ಇನ್ನೂ ಬಂದಿಲ್ಲ. ಪ್ಲೇಟು ತೆಗೆಸಲು ಕೋರ್ಟು ಕೊಟ್ಟದ್ದು ಮೂವತ್ತು ಸಾವಿರ, ಆಸ್ಪತ್ರೆಯವರು ಹೇಳುತ್ತಿರುವುದು ನಲವತ್ತೈದು. ಅದಕ್ಕೆ ಬೇರೆ ಆಸ್ಪತ್ರೆಯಲ್ಲಿ ರೇಟು ವಿಚಾರಿಸುತ್ತಿದ್ದೇನೆ.