ಅಂಟಿಸುವ ಮೊದಲು ಒಂದ್ಸಲ ಓದಿಸಿ ನೋಡಿ: ಮನೆಯ ಪುಸ್ತಕಗಳಿಗೆ ಆರ್‌ಎಫ್‌ಐಡಿ ಟ್ಯಾಗ್

ಗ್ರಂಥಾಲಯದಲ್ಲಿ ಪುಸ್ತಕಗಳಿಗೆ ಆರ್‌ಎಫ್‌ಐಡಿ ಟ್ಯಾಗ್ (ರೇಡಿಯೋ ಅಲೆಯಿಂದ ಮುಟ್ಟದೆಯೇ ಓದಬಹುದಾದ ಚಿಪ್ ಇರುವ ಸ್ಟಿಕ್ಕರ್) ಅಂಟಿಸುವ ಕೆಲಸಕ್ಕೆ ಸೇರಿದ ಮೊದಲ ವಾರವೇ ನಾನೊಂದು ಎಡವಟ್ಟು ಮಾಡಿದೆ. ತೆಳ್ಳಗಿನ ಮಕ್ಕಳ ಪುಸ್ತಕಗಳ ಒಂದು ರಾಶಿ ಬಂದಿತ್ತು. ಸ್ಕೇಲು ಹಿಡಿದು, ಹಿಂಬದಿ ರಟ್ಟಿನ ಒಳಗೆ, ಎಲ್ಲದಕ್ಕೂ ಒಂದೇ ಜಾಗದಲ್ಲಿ ಟ್ಯಾಗ್ ಹಾಕಿದೆ. ನೋಡೋಕೆ ಬಲು ಅಚ್ಚುಕಟ್ಟು. ಐದು ಪುಸ್ತಕ ಒಟ್ಟಿಗೆ ರೀಡರ್ ಮೇಲಿಟ್ಟರೆ ಮೂರೇ ಕಾಣುತ್ತಿದ್ದವು. ಟ್ಯಾಗ್ ಕೆಟ್ಟಿರಲಿಲ್ಲ, ರೀಡರೂ ಕೆಟ್ಟಿರಲಿಲ್ಲ. ಒಂದರ ನೆತ್ತಿಯ ಮೇಲೊಂದು ಕೂತ ಟ್ಯಾಗ್‌ಗಳು ಪರಸ್ಪರ ಶ್ರುತಿ ಕೆಡಿಸುತ್ತಿದ್ದವು. ಅರ್ಧ ರಾಶಿ ಕಿತ್ತು, ಒಂದು ಪುಸ್ತಕಕ್ಕೆ ಮೇಲೆ, ಮುಂದಿನದಕ್ಕೆ ನಡುವೆ, ಅದರ ಮುಂದಿನದಕ್ಕೆ ಕೆಳಗೆ ಅಂತ ಮತ್ತೆ ಅಂಟಿಸಿದ ಮೇಲೆ ಐದೂ ಕಂಡವು.

ಮನೆಯ ಕಪಾಟಿಗೂ ಅದೇ ಪಾಠ ಸಾಕು. ಯಾರಿಗೆ ಯಾವ ಪುಸ್ತಕ ಕೊಟ್ಟೆವು ಅನ್ನೋದು ಮರೆತುಹೋಗುವವರಿಗಾಗಿ, ಅಂದರೆ ನನ್ನಂಥವರಿಗಾಗಿ, ಇದನ್ನು ಬರೆಯುತ್ತಿದ್ದೇನೆ.

ಮೊದಲು ಯಾವ ಟ್ಯಾಗ್ ಕೊಳ್ಳಬೇಕು ಅನ್ನೋದು. ಆರ್‌ಎಫ್‌ಐಡಿ ಅಂದರೆ ಒಂದೇ ವಸ್ತು ಅಂದುಕೊಂಡು ಕಂಡದ್ದನ್ನು ತರಿಸಬೇಡಿ. ರೇಡಿಯೋ ಅಲೆಯ ಆವರ್ತನ ಬೇರೆಯಾದಂತೆ ಟ್ಯಾಗ್‌ನ ಬಗೆಯೂ ಬೇರೆ. 125 ಕಿಲೋಹರ್ಟ್ಸ್ ಆಸುಪಾಸಿನದು ಹಳೆಯ ಬಾಗಿಲು ಕಾರ್ಡ್‌ಗಳಲ್ಲಿರುತ್ತದೆ. ಸಾಕುಪ್ರಾಣಿಗಳ ಚರ್ಮದಡಿ ಹಾಕುವ ಚಿಪ್ 134.2 ಕಿಲೋಹರ್ಟ್ಸ್‌ನದು. 860ರಿಂದ 960 ಮೆಗಾಹರ್ಟ್ಸ್‌ನದು ಹಲವು ಮೀಟರ್ ದೂರದಿಂದ ಓದಿಸಿಕೊಳ್ಳುತ್ತದೆ. ಟೋಲ್ ಗೇಟ್, ಗೋದಾಮು, ಬಟ್ಟೆಯ ಲೇಬಲ್ಲು ಎಲ್ಲ ಅದರದ್ದೇ ರಾಜ್ಯ. ಇವು ಯಾವುದನ್ನೂ ಸಾಮಾನ್ಯ ಫೋನ್ ಓದುವುದಿಲ್ಲ. ನಿಮಗೆ ಬೇಕಾದ್ದು 13.56 ಮೆಗಾಹರ್ಟ್ಸ್‌ನದು. ಎನ್‌ಎಫ್‌ಸಿ ಸ್ಟಿಕ್ಕರ್ ಅಂತ ಮಾರುತ್ತಾರಲ್ಲ, ಹತ್ತಿರ ತಂದರೆ ಫೋನೇ ಓದುವ ಬಗೆ, ಅದು. ಸ್ಟಿಕ್ಕರ್ ವಿವರದಲ್ಲಿ ಚಿಪ್‌ನ ಹೆಸರು ಎನ್‌ಟ್ಯಾಗ್ 213, 215 ಅಥವಾ 216 ಅಂತ ಇದ್ದರೆ ಕಣ್ಣುಮುಚ್ಚಿ ತಗೊಳ್ಳಿ.

ಕೈಗೆ ಬಂದ ಮೇಲೆ ಒಂದನ್ನು ಫೋನಿನ ಟಾರ್ಚ್‌ಗೆ ಅಡ್ಡ ಹಿಡಿದು ನೋಡಿ. ಅಂಚಿನುದ್ದಕ್ಕೂ ಸುತ್ತಿದ ಕೆಲವೇ ಸುತ್ತಿನ ಲೋಹದ ಸುರುಳಿ, ಅದರ ತುದಿಯಲ್ಲಿ ಗುಂಡುಸೂಜಿ ತಲೆಯಷ್ಟು ಕಪ್ಪು ಚುಕ್ಕೆ. ಆ ಚುಕ್ಕೆಯೇ ಚಿಪ್. ಬ್ಯಾಟರಿ ಹುಡುಕಬೇಡಿ, ಇಲ್ಲ. ಫೋನ್ ಹುಟ್ಟಿಸುವ ಕಾಂತಕ್ಷೇತ್ರ ಈ ಸುರುಳಿಯಲ್ಲಿ ಒಂದಿಷ್ಟು ವಿದ್ಯುತ್ ಹರಿಸುತ್ತದೆ, ಚಿಪ್ ಎಚ್ಚರಗೊಳ್ಳುತ್ತದೆ, ತಾನು ಎಳೆದುಕೊಳ್ಳುವ ಶಕ್ತಿಯನ್ನೇ ಹೆಚ್ಚುಕಡಿಮೆ ಮಾಡಿ ಉತ್ತರ ಹೇಳುತ್ತದೆ. ಅಷ್ಟು ಹತ್ತಿರ ತಂದರೆ ಮಾತ್ರ ಓದುವುದು ಇದಕ್ಕೇ. ನಾಲ್ಕೈದು ಸೆಂಟಿಮೀಟರ್ ದಾಟಿದರೆ ಫೋನಿಗೆ ಅದು ಇಲ್ಲದ ಹಾಗೆ. (ಹಳೆಯ 125 ಕಿಲೋಹರ್ಟ್ಸ್ ಕಾರ್ಡನ್ನೂ ಟಾರ್ಚ್‌ಗೆ ಹಿಡಿದು ನೋಡಿ. ಅದರೊಳಗೆ ನೂರಾರು ಸುತ್ತಿನ ದಪ್ಪ ಬಳೆಯಂಥ ಸುರುಳಿ ಕಾಣುತ್ತದೆ. ಯಾವುದು ಯಾವುದೆಂದು ಗುರುತು ಹಿಡಿಯಲು ನಾನು ಇಂದಿಗೂ ಇದನ್ನೇ ಮಾಡೋದು.)

ಇನ್ನು ಫೋನ್. ಆಂಡ್ರಾಯ್ಡ್ ಆದರೆ ಸೆಟ್ಟಿಂಗ್ಸ್‌ನಲ್ಲಿ ಎನ್‌ಎಫ್‌ಸಿ ಆನ್ ಮಾಡಿ, ಲಾಕ್ ತೆಗೆದು, ಬೆನ್ನಿನ ಭಾಗವನ್ನು ಸ್ಟಿಕ್ಕರ್ ಮೇಲೆ ನಿಧಾನಕ್ಕೆ ಸರಿಸುತ್ತ ಹೋಗಿ. ಎಲ್ಲಿ ಟಕ್ ಅಂತ ಹಿಡಿಯುತ್ತದೋ ಅಲ್ಲಿದೆ ಆಂಟೆನಾ. ಐಫೋನ್‌ನಲ್ಲಿ ಅದು ಮೇಲಿನ ಅಂಚಿನಲ್ಲಿದೆ, ತಲೆಯನ್ನು ತಾಗಿಸಬೇಕು. ಈ ಜಾಗ ಗೊತ್ತಿಲ್ಲದೆ ಸ್ಟಿಕ್ಕರ್ ಸರಿಯಿಲ್ಲ ಅಂತ ಬೈದುಕೊಂಡವರನ್ನು ಬಹಳ ಕಂಡಿದ್ದೇನೆ.

ಬರೆಯೋದು ಏನು? ಇಲ್ಲಿ ಕನ್ನಡದವರು ಒಂದು ಲೆಕ್ಕ ತಿಳಿದಿರಬೇಕು. ಎನ್‌ಟ್ಯಾಗ್ 213ರಲ್ಲಿ ನಮಗೆ ಸಿಗುವ ಜಾಗ 144 ಬೈಟ್. 215ರಲ್ಲಿ 504, 216ರಲ್ಲಿ 888. ಇಂಗ್ಲಿಷಿನ ಒಂದಕ್ಷರಕ್ಕೆ ಒಂದು ಬೈಟ್ ಸಾಕಾದರೆ ಯೂನಿಕೋಡಿನ ಕನ್ನಡಕ್ಕೆ ಪ್ರತಿ ಸಂಕೇತಕ್ಕೂ ಮೂರು ಬೈಟ್ ಬೇಕು. ಒತ್ತಕ್ಷರ ಬಂದರೆ ನಡುವೆ ಅಡಗಿರುವ ಅರ್ಧಾಕ್ಷರದ ಗುರುತಿಗೂ (್) ಮೂರು. ‘ಕನ್ನಡ’ ಅನ್ನೋ ಪದ ನೋಡೋಕೆ ಮೂರಕ್ಷರ. ಟ್ಯಾಗ್‌ನಲ್ಲಿ 15 ಬೈಟ್ ತಿನ್ನುತ್ತದೆ. ಸಣ್ಣ ಟ್ಯಾಗ್‌ನಲ್ಲಿ ಪುಸ್ತಕದ ಹೆಸರು, ಲೇಖಕರ ಹೆಸರು ಬರೆಯುವಷ್ಟರಲ್ಲಿ ಜಾಗ ಮುಗಿದಿರುತ್ತದೆ. ಆದ್ದರಿಂದ ನಾನು ಟ್ಯಾಗ್‌ನಲ್ಲಿ ಬರೆಯೋದು ಒಂದು ನಂಬರ್ ಮಾತ್ರ: 47 ಅಂದರೆ 47. ಉಳಿದದ್ದೆಲ್ಲ ಫೋನಿನ ಸ್ಪ್ರೆಡ್‌ಶೀಟ್‌ನಲ್ಲಿ: ಹೆಸರು, ಲೇಖಕರು, ಯಾರ ಬಳಿ ಇದೆ, ಯಾವತ್ತು ಕೊಟ್ಟಿದ್ದು. ಅದೂ ಬೇಡವೆಂದರೆ ಏನೂ ಬರೆಯಬೇಡಿ. ಪ್ರತಿ ಚಿಪ್‌ಗೂ ಕಾರ್ಖಾನೆಯಲ್ಲೇ 7 ಬೈಟ್‌ನ ತನ್ನದೇ ಗುರುತುಸಂಖ್ಯೆ ಕೊಟ್ಟಿರುತ್ತಾರೆ, ಅದನ್ನೇ ಪಟ್ಟಿಗೆ ಏರಿಸಿಕೊಳ್ಳಬಹುದು. ಐಫೋನಿನ ಶಾರ್ಟ್‌ಕಟ್ಸ್ ಆಟೊಮೇಷನ್ (ಟ್ಯಾಗ್ ತಾಗಿದಾಗ ತಾನಾಗಿಯೇ ಒಂದು ಕೆಲಸ ಮಾಡಿಸುವ ಸೌಲಭ್ಯ) ಖಾಲಿ ಟ್ಯಾಗನ್ನೂ ಗುರುತು ಹಿಡಿಯುತ್ತದೆ.

ಎನ್‌ಎಫ್‌ಸಿ ಟ್ಯಾಗ್ ಬರೆಯುವ ಆ್ಯಪ್ ಹಾಕಿಕೊಂಡು, ‘ಬರೆ’ ಅನ್ನೋ ಆಯ್ಕೆಯಲ್ಲಿ ಪಠ್ಯ ಸೇರಿಸಿ, ಸ್ಟಿಕ್ಕರ್ ಮುಟ್ಟಿಸಿದರೆ ಆಯಿತು. ಆದರೆ ಪಕ್ಕದಲ್ಲೇ ‘ಲಾಕ್’ ಅಂತ ಇರುತ್ತದೆ, ಅದನ್ನು ಆತುರದಲ್ಲಿ ಒತ್ತಬೇಡಿ. ಈ ಚಿಪ್‌ಗಳಲ್ಲಿ ಲಾಕ್ ಒಮ್ಮೆ ಬಿದ್ದರೆ ಬಿತ್ತು, ಬಿಚ್ಚುವ ದಾರಿಯಿಲ್ಲ. ನನ್ನ ಡ್ರಾಯರ್‌ನಲ್ಲಿ ತಪ್ಪು ನಂಬರ್ ಹೊತ್ತು ಲಾಕ್ ಆದ ನಾಲ್ಕು ಸ್ಟಿಕ್ಕರ್ ಇನ್ನೂ ಬಿದ್ದಿವೆ. ಹಾಗೇ, ಪಾಸ್‌ವರ್ಡ್, ಪಿನ್ ಇಂಥದ್ದನ್ನು ಟ್ಯಾಗ್‌ನಲ್ಲಿ ಬರೆಯಲೇಬಾರದು. ಫೋನ್ ತಾಗಿಸಿದ ಯಾರು ಬೇಕಾದರೂ ಓದಬಹುದು.

ಈಗ ಅಂಟಿಸುವುದು. ಹಿಂಬದಿಯ ಕಾಗದ ತೆಗೆಯದೆ, ಸ್ಟಿಕ್ಕರನ್ನು ರಟ್ಟಿನ ಒಳಗೆ ಸುಮ್ಮನೆ ಇಟ್ಟು, ಪುಸ್ತಕ ಮುಚ್ಚಿ, ಹೊರಗಿನಿಂದ ಫೋನ್ ತಾಗಿಸಿ. ಓದಿತೇ? ಸರಿ, ಅಂಟಿಸಿ. ಓದಲಿಲ್ಲವೇ? ರಟ್ಟಿನ ಮೇಲೆ ಬಂಗಾರದ ಅಥವಾ ಬೆಳ್ಳಿಯ ಹೊಳಪಿನ ಅಚ್ಚು ಇದೆಯಾ ನೋಡಿ. ಅದು ಲೋಹದ ತೆಳು ಹಾಳೆ ಆಗಿದ್ದರೆ ಫೋನಿನ ಕ್ಷೇತ್ರ ಅದರಲ್ಲೇ ಸುಳಿ ಪ್ರವಾಹವಾಗಿ ಸೋರಿಹೋಗಿ, ಟ್ಯಾಗ್‌ಗೆ ಏನೂ ಉಳಿಯುವುದಿಲ್ಲ. ಅಂಥ ಪುಸ್ತಕಕ್ಕೆ ಎದುರಿನ ರಟ್ಟು, ಇಲ್ಲವೇ ಕೊನೆಯ ಖಾಲಿ ಹಾಳೆ. ಬೆನ್ನಿನ ಮಡಿಕೆಗೆ ಸ್ವಲ್ಪ ಜಾಗ ಬಿಡಿ, ಪುಸ್ತಕ ತೆರೆದಾಗಲೆಲ್ಲ ಸುರುಳಿ ಬಾಗಿದರೆ ಒಂದು ದಿನ ತುಂಡಾಗುತ್ತದೆ. ಕಪ್ಪು ಚುಕ್ಕೆಯ ಮೇಲೆ ಹೆಬ್ಬೆರಳಿಟ್ಟು ಒತ್ತಬೇಡಿ, ಸುತ್ತಲೂ ಸವರಿ.

ಪುಸ್ತಕದಿಂದ ಶುರುವಾದ ಚಟ ಪುಸ್ತಕಕ್ಕೇ ನಿಲ್ಲುವುದಿಲ್ಲ. ಅಟ್ಟದ ಪೆಟ್ಟಿಗೆಗಳಿಗೂ ಅಂಟಿಸಿದೆ. ರಟ್ಟಿನ ಪೆಟ್ಟಿಗೆ ಚೆನ್ನಾಗಿ ಓದಿತು, ಕಬ್ಬಿಣದ ಟ್ರಂಕು ಮೌನ. ಲೋಹಕ್ಕೆ ಬೇರೆಯೇ ಟ್ಯಾಗ್ ಸಿಗುತ್ತದೆ, ಕಾಂತಕ್ಷೇತ್ರ ಲೋಹಕ್ಕೆ ಸೋರದಂತೆ ತಡೆಯುವ ಫೆರೈಟ್ ಪದರ ಹಿಂದೆ ಇರುವಂಥದ್ದು. ಬೇಡವೆಂದರೆ ಟ್ರಂಕಿನ ಹಿಡಿಕೆಗೆ ರಟ್ಟಿನ ಚೀಟಿ ಕಟ್ಟಿ, ಅದಕ್ಕೆ ಸ್ಟಿಕ್ಕರ್ ಹಾಕಿ. ಓದಿಸುವಾಗ ಚೀಟಿಯನ್ನು ಲೋಹದಿಂದ ಎತ್ತಿ ಹಿಡಿದರೆ ಸಾಕು. ನಾನು ಮಾಡಿರೋದು ಅದೇ.

ಗ್ರಂಥಾಲಯದಿಂದ ತಂದ ಪುಸ್ತಕದ ರಟ್ಟಿನೊಳಗೆ ಚೌಕನೆಯ ಸ್ಟಿಕ್ಕರ್ ಕಂಡರೆ ಕುತೂಹಲಕ್ಕೆ ಫೋನ್ ತಾಗಿಸಿ ನೋಡಿ. ಹಲವು ಕಡೆ ಅದೂ 13.56 ಮೆಗಾಹರ್ಟ್ಸ್‌ನದೇ, ಐಎಸ್‌ಒ 15693 ಅನ್ನೋ ಬಗೆಯದು. ಓದಿ ಸುಮ್ಮನಿರಿ, ಬರೆಯಲು ಹೋಗಬೇಡಿ. ಪುಸ್ತಕ ಎರವಲು ಹೋಗಿದೆಯೋ ಇಲ್ಲವೋ ಅನ್ನೋ ಗುರುತು ಅದರಲ್ಲೇ ಇರಬಹುದು. ಅದನ್ನು ಕೆಡಿಸಿದರೆ ಬಾಗಿಲ ಗೇಟು ಕೂಗೋದು ಸಿಬ್ಬಂದಿಯ ಪಾಲಿಗೆ, ಅಂದರೆ ನನ್ನ ಪಾಲಿಗೆ.

ಪುಸ್ತಕವನ್ನು ಯಾರಿಗಾದರೂ ಕೊಟ್ಟೇಬಿಡುವಾಗ ಟ್ಯಾಗ್ ತೆಗೆಯಬೇಕಾದರೆ ಹೇರ್ ಡ್ರೈಯರ್‌ನ ಬಿಸಿಗಾಳಿ ಅರ್ಧ ನಿಮಿಷ ಹಿಡಿಯಿರಿ. ಅಂಟು ಮೆತ್ತಗಾಗುತ್ತದೆ, ಮೂಲೆಯಿಂದ ನಿಧಾನಕ್ಕೆ ಎಬ್ಬಿಸಿ. ಕಿತ್ತುಬಂದದ್ದನ್ನು ಬಿಸಾಡುವ ಮುಂಚೆ ಕತ್ತರಿ ತಗೊಂಡು ಸುರುಳಿಗೆ ಅಡ್ಡಲಾಗಿ ಒಂದೇ ಒಂದು ಕತ್ತರಿ ಹಾಕಿ, ಆಮೇಲೆ ಫೋನ್ ತಾಗಿಸಿ ನೋಡಿ. ಏನೂ ಬರಲಿಲ್ಲ ಅಂದರೆ ಬುಟ್ಟಿಗೆ ಹಾಕಿ.