ದೋಣಿಯ ಹೊದಿಕೆಗೆ ಬಾಳಿಕೆ ಬರುವ ಬಟ್ಟೆ

ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುತ್ತದೆ. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಜನರನ್ನು ಕರೆದೊಯ್ಯುವ ಪ್ರವಾಸಿ ದೋಣಿಗಳ ಓಡಾಟವೂ ಮಳೆಗಾಲದಲ್ಲಿ ನಿಲ್ಲುತ್ತದೆ. ಹೀಗೆ ದಡಕ್ಕೆ ಎಳೆದು ನಿಲ್ಲಿಸಿದ ಫೈಬರ್ ದೋಣಿಗೆ ಅಳತೆ ಕೊಟ್ಟು ಹೊದಿಕೆ ಹೊಲಿಸುವವರು, ಆ ಹೊದಿಕೆ ಮಳೆಯ ತಿಂಗಳುಗಳಿಗೆ ಮಾತ್ರವೋ ಅಥವಾ ವರ್ಷವಿಡೀ ದಿನವೂ ತೆಗೆದು ಹಾಕುವುದಕ್ಕೋ ಎಂಬುದನ್ನು ಮೊದಲೇ ತೀರ್ಮಾನಿಸಿಕೊಳ್ಳಬೇಕು. ನೀರನ್ನು ಪೂರ್ತಿ ತಡೆಯುವ ಬಟ್ಟೆಯಲ್ಲಿ ಗಾಳಿ ಆಡುವುದಿಲ್ಲ. ಗಾಳಿ ಆಡುವ ಬಟ್ಟೆಯ ಮೇಲೆ ನೀರು ಬಹಳ ಹೊತ್ತು ನಿಂತರೆ ಒಳಗೆ ಜಿನುಗುತ್ತದೆ. ಎರಡೂ ಗುಣ ಒಂದೇ ಬಟ್ಟೆಯಲ್ಲಿ ಪೂರ್ತಿಯಾಗಿ ಸಿಗುವುದಿಲ್ಲವಾದ್ದರಿಂದ, ಆಯ್ಕೆ ಇಲ್ಲಿಂದಲೇ ಆರಂಭವಾಗುತ್ತದೆ.

ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಗುವ ನೀಲಿ ಅಥವಾ ಹಳದಿ ಟರ್ಪಾಲು ಎಚ್‌ಡಿಪಿಇ ಎಂಬ ಪ್ಲಾಸ್ಟಿಕ್ಕಿನ ಪಟ್ಟಿಗಳನ್ನು ನೇಯ್ದು, ಮೇಲೆ ತೆಳುವಾದ ಪ್ಲಾಸ್ಟಿಕ್ ಪದರ ಹಚ್ಚಿ ಮಾಡಿದ್ದು. ಅದು ಹಗುರ, ಅಗ್ಗ. ಆದರೆ ಬಿಸಿಲಿನ ಅತಿನೇರಳೆ ಕಿರಣಗಳಿಗೆ ಪಟ್ಟಿಗಳು ಗಡುಸಾಗಿ, ಮಡಿಕೆ ಬಿದ್ದಲ್ಲಿ ಮೊದಲು ಸೀಳಿ, ಕೊನೆಗೆ ಮುಟ್ಟಿದರೆ ಪುಡಿಯಾಗಿ ಉದುರುತ್ತವೆ. ಒಂದು ಮಳೆಗಾಲ ಕಳೆಯಲು ಇದು ಸಾಕು, ಅದಕ್ಕೂ ಇಂತಹ ಟರ್ಪಾಲಿನ ಭಾರತೀಯ ಮಾನಕವಾದ ಐಎಸ್ 7903 ಗುರುತು ಇರುವುದನ್ನೇ ಕೇಳಿ ಕೊಳ್ಳುವುದು ಒಳ್ಳೆಯದು. ಹೊಲಿಗೆಯ ಕೂಲಿ ಕೊಟ್ಟು ದೋಣಿಯ ಆಕಾರಕ್ಕೆ ಹೊಲಿಸುವಷ್ಟು ಬೆಲೆ ಈ ಬಟ್ಟೆಗಿಲ್ಲ. ಹತ್ತಿಯ ಕ್ಯಾನ್ವಾಸ್ ತಿಂಗಳುಗಟ್ಟಲೆ ಒದ್ದೆಯಾಗಿದ್ದರೆ ಬೂಷ್ಟು ಹಿಡಿದು ಕೊಳೆಯುವುದರಿಂದ ನಮ್ಮ ಮಳೆಗೆ ಅದು ಹೊಂದುವುದಿಲ್ಲ.

ಲಾರಿಗಳಿಗೆ ಹೊದಿಸುವ ಪಿವಿಸಿ ಲೇಪಿತ ಪಾಲಿಯೆಸ್ಟರ್ ಬಟ್ಟೆಯೇ ಮಳೆಗಾಲದ ಹೊದಿಕೆಗೆ ಸರಿಯಾದದ್ದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಒಳಗಿನ ಪಾಲಿಯೆಸ್ಟರ್ ನೇಯ್ಗೆ ಎಳೆತವನ್ನು ತಡೆದುಕೊಳ್ಳುತ್ತದೆ, ಎರಡೂ ಬದಿಯ ಪಿವಿಸಿ ನೀರನ್ನು ತಡೆಯುತ್ತದೆ. ಚದರ ಮೀಟರಿಗೆ 600 ಗ್ರಾಂ ಆಸುಪಾಸಿನ ತೂಕದ್ದನ್ನು ಆರಿಸಿದರೆ ಗಾಳಿಗೆ ಪಟಪಟನೆ ಬಡಿದುಕೊಳ್ಳುವುದೂ ಕಡಿಮೆ. ಒಳಗಿನ ನೇಯ್ಗೆ ನೈಲಾನ್ ಆಗಿದ್ದರೆ ಬೇಡವೆನ್ನಬೇಕು, ಏಕೆಂದರೆ ನೈಲಾನ್ ನೀರು ಹೀರಿ ಸಡಿಲವಾಗುತ್ತದೆ ಮತ್ತು ಬಿಸಿಲಿಗೆ ಪಾಲಿಯೆಸ್ಟರಿಗಿಂತ ಬೇಗ ಸೋಲುತ್ತದೆ. ಪಿವಿಸಿಯನ್ನು ಮೆತ್ತಗಿಡುವ ರಾಸಾಯನಿಕ ಕಾಲಕ್ರಮದಲ್ಲಿ ಆವಿಯಾಗಿ, ಬಟ್ಟೆ ಬಿರುಸಾಗಿ ಬಿರುಕು ಬಿಡುತ್ತದೆ. ಕಾವು ಹೆಚ್ಚಿದಷ್ಟೂ ಇದು ಬೇಗ ಆಗುವುದರಿಂದ ಕಡುಬಣ್ಣಕ್ಕಿಂತ ತಿಳಿಬಣ್ಣವೇ ಮೇಲು.

ವರ್ಷವಿಡೀ ಬಿಸಿಲಿನಲ್ಲಿ ನಿಲ್ಲುವ, ಆಗಾಗ ಬಿಚ್ಚಿ ಹಾಕಬೇಕಾದ ದೋಣಿಗೆ ಸನ್‌ಬ್ರೆಲಾ ಬ್ರಾಂಡಿನಂತಹ ಅಕ್ರಿಲಿಕ್ ಬಟ್ಟೆ ಯೋಗ್ಯ. ನೂಲು ಎಳೆಯುವ ಮೊದಲೇ ದ್ರಾವಣದಲ್ಲಿ ಬಣ್ಣ ಬೆರೆತಿರುವುದರಿಂದ ಅದು ಬೇಗ ಮಾಸುವುದಿಲ್ಲ. ಚದರ ಮೀಟರಿಗೆ ಸುಮಾರು 310 ಗ್ರಾಂ ತೂಗುವ ಈ ಬಟ್ಟೆಯಲ್ಲಿ ಗಾಳಿಯಾಡುತ್ತದೆ. ಆದರೆ ದೋಣಿಯ ಚೂಪು ಅಂಚಿಗೆ ಉಜ್ಜಿದರೆ ಬೇಗ ಸವೆಯುತ್ತದೆ, ಬೆಲೆಯೂ ಹೆಚ್ಚು.

ಅಂಗಡಿಯವರು ಹೇಳುವ ತೂಕವನ್ನು ಹಾಗೆಯೇ ನಂಬಬೇಕಾಗಿಲ್ಲ. ಬಟ್ಟೆಯಿಂದ 10 ಸೆಂಟಿಮೀಟರ್ ಉದ್ದಗಲದ ಚೌಕವೊಂದನ್ನು ಕತ್ತರಿಸಿ, ಚಿನ್ನದಂಗಡಿಯ ತಕ್ಕಡಿಯಲ್ಲಿ ತೂಗಿಸಿ, ಬಂದ ಗ್ರಾಂ ಅನ್ನು ನೂರರಿಂದ ಗುಣಿಸಿದರೆ ಚದರ ಮೀಟರಿನ ತೂಕ ಸಿಗುತ್ತದೆ. 650 ಎಂದು ಹೇಳಿದ ಬಟ್ಟೆಯ ಚೌಕ 6.5 ಗ್ರಾಂ ತೂಗಬೇಕು. ಬಳಿಕ ಅದೇ ತುಂಡನ್ನು ಎರಡು ಅಂಗೈಗಳ ನಡುವೆ ಚೆನ್ನಾಗಿ ಹೊಸಕಿ, ಮಡಿಸಿ, ಉಗುರಿನಿಂದ ಮಡಿಕೆಯನ್ನು ಒತ್ತಿ ಬಿಡಿಸಿ ನೋಡಿ. ಲೇಪನ ನೇಯ್ಗೆಯಿಂದ ಬಿಟ್ಟುಕೊಂಡರೆ ಅಥವಾ ಮಡಿಕೆಯಲ್ಲಿ ಬಿರುಕು ಕಂಡರೆ ಆ ಥಾನನ್ನು ಬಿಟ್ಟುಬಿಡಿ.

ಬಟ್ಟೆ ಗಟ್ಟಿಯಾಗಿದ್ದೂ ನೂಲು ಕೈಕೊಡುವುದು ಬಹಳ ಸಾಮಾನ್ಯ. ಹತ್ತಿಯ ನೂಲು ಕೊಳೆಯುತ್ತದೆ; ಆದ್ದರಿಂದ ಬಿಸಿಲು ತಾಳುವ ದಪ್ಪ ಪಾಲಿಯೆಸ್ಟರ್ ನೂಲನ್ನೇ ಬಳಸುವಂತೆ ಹೊಲಿಯುವವರಿಗೆ ಮುಂಚಿತವಾಗಿ ಹೇಳಬೇಕು. ಪಿವಿಸಿಯಾದರೆ ಸೂಜಿಯ ತೂತುಗಳೇ ಸೋರುವ ಜಾಗಗಳಾಗುವುದರಿಂದ, ಅಂಚುಗಳನ್ನು ನಾಲ್ಕೈದು ಸೆಂಟಿಮೀಟರ್ ಒಂದರ ಮೇಲೊಂದು ಇಟ್ಟು ಬಿಸಿಗಾಳಿಯ ಯಂತ್ರದಲ್ಲಿ ಬೆಸೆಯುವವರನ್ನು ಹುಡುಕುವುದು ಲೇಸು. ಹಗ್ಗ ಪೋಣಿಸುವ ಕಣ್ಣುಗಳು (ಲೋಹದ ಬಳೆಗಳು) ಹಿತ್ತಾಳೆಯವೇ ಆಗಿರಲಿ, ಪ್ರತಿ ಕಣ್ಣಿನ ಹಿಂದೆ ಅದೇ ಬಟ್ಟೆಯ ಇನ್ನೊಂದು ಪದರವಿರಲಿ. ಕಬ್ಬಿಣದ ಕಣ್ಣುಗಳು ಉಪ್ಪುಗಾಳಿಗೆ ತುಕ್ಕು ಹಿಡಿದು ಸುತ್ತಲಿನ ಬಟ್ಟೆಯನ್ನೂ ಕೆಡಿಸುತ್ತವೆ.

ಎಷ್ಟೇ ಒಳ್ಳೆಯ ಬಟ್ಟೆಯಾದರೂ ಅದರ ಮೇಲೆ ನೀರು ನಿಲ್ಲಬಾರದು. ಒಂದು ಚದರ ಮೀಟರ್ ಜಾಗದಲ್ಲಿ 10 ಸೆಂಟಿಮೀಟರ್ ನೀರು ನಿಂತರೆ ಅದರ ಭಾರ 100 ಕಿಲೋ. ಆ ಭಾರಕ್ಕೆ ಬಟ್ಟೆ ಜೋತುಬಿದ್ದು ಗುಂಡಿ ಇನ್ನೂ ಆಳವಾಗುತ್ತದೆ. ಆದಕಾರಣ ದೋಣಿಯ ನಡುವೆ ಉದ್ದಕ್ಕೂ ಬಿದಿರು ಅಥವಾ ಪೈಪು ಕಟ್ಟಿ, ಎರಡೂ ಬದಿಗೆ ಮನೆಯ ಮಾಡಿನಷ್ಟು ಇಳಿಜಾರು ಬರುವಂತೆ ಅಳತೆ ಕೊಡಬೇಕು. ಬೆಸುಗೆ ಅಥವಾ ಹೊಲಿಗೆ ಆ ಬಿದಿರಿನ ನೇರಕ್ಕೆ ಬರದಂತೆ ನೋಡಿಕೊಳ್ಳಬೇಕು. ಪಿವಿಸಿ ಹೊದಿಕೆಗೆ ದೋಣಿಯ ಎರಡೂ ತುದಿಗಳಲ್ಲಿ, ಮಳೆ ಒಳನುಗ್ಗದಂತೆ ಮೇಲೆ ಮುಚ್ಚಳವಿರುವ ಗಾಳಿಕಿಂಡಿಗಳನ್ನು ಬಿಡಿಸುವುದು ಅತ್ಯಗತ್ಯ. ಇಲ್ಲದಿದ್ದರೆ ಒಳಗಿನ ತೇವವೇ ಬೂಷ್ಟಾಗಿ ಸೀಟುಗಳನ್ನೂ ವೈರುಗಳನ್ನೂ ಹಾಳುಮಾಡುತ್ತದೆ. ಬಟ್ಟೆ ಉಜ್ಜುವ ಮೂಲೆಗಳಿಗೆ ಒಳಗಿನಿಂದ ಹೆಚ್ಚುವರಿ ಪದರ ಕೊಡಿಸಿ. ಹೊದಿಕೆಯನ್ನು ಒಪ್ಪಿಸಿಕೊಳ್ಳುವಾಗ ಅದೇ ಥಾನಿನ ಒಂದೆರಡು ಅಡಿ ತುಂಡನ್ನೂ ಕೇಳಿ ತೆಗೆದಿಟ್ಟುಕೊಂಡರೆ ಮುಂದೆ ತೇಪೆಗೆ ಒದಗುತ್ತದೆ.