ನನ್ನ ಕತ್ತರಿ ಕಾಲು ನೇರವಾದದ್ದು ಹೀಗೆ

ನಾನು ಈಜು ಕಲಿತದ್ದು ನಮ್ಮೂರಿನ ತೋಟದ ಬಾವಿಯಲ್ಲಿ. ಬೆನ್ನಿಗೆ ಬೆಂಡು, ಸೊಂಟಕ್ಕೆ ಹಗ್ಗ. ಹಗ್ಗದ ತುದಿ ಮೆಟ್ಟಿಲ ಮೇಲೆ ನಿಂತ ದೊಡ್ಡಪ್ಪನ ಕೈಯಲ್ಲಿ. ‘ತಲೆ ಎತ್ತು, ಕೈ ಬೀಸು, ಕಾಲು ಬಡಿ’. ಪಾಠ ಅಷ್ಟೇ.

ನಲವತ್ತು ದಾಟಿದ ಮೇಲೆ ಬೆಂಗಳೂರಿನಲ್ಲಿ ಈಜುಕೊಳಕ್ಕೆ ಸೇರಿದೆ. 25 ಮೀಟರ್ ಮುಗಿಸುವಷ್ಟರಲ್ಲಿ ಏದುಸಿರು. ಕೋಚ್ ಮೊಬೈಲಿನಲ್ಲಿ ವಿಡಿಯೊ ತೆಗೆದು ತೋರಿಸಿದರು. ಕೈ ಫ್ರೀಸ್ಟೈಲ್‌ನದ್ದು, ಒಂದಾದ ಮೇಲೊಂದು ನೀರಿನ ಮೇಲಿಂದ ಬೀಸುವಂಥದ್ದು; ಕಾಲು ಮಾತ್ರ ಕತ್ತರಿಯ ಹಾಗೆ ಅಗಲವಾಗಿ ತೆರೆದು ಮುಚ್ಚುತ್ತಿತ್ತು.

ಈ ಈಜಿಗೆ ಒಂದು ಹೆಸರೇ ಇದೆ ಅಂತ ಆಮೇಲೆ ಓದಿ ತಿಳಿದೆ: ಟ್ರಜನ್. 1873ರಲ್ಲಿ ಜಾನ್ ಟ್ರಜನ್ ಎಂಬಾತ ಲಂಡನ್ನಿನಲ್ಲಿ ಎರಡೂ ಕೈ ನೀರಿನ ಮೇಲಿಂದ ಬೀಸಿ, ಕತ್ತರಿ ಕಾಲು ಹೊಡೆದು ಈಜಿದ. ಕೈ ಬೀಸುವುದನ್ನು ಅವನು ಕಲಿತದ್ದು ದಕ್ಷಿಣ ಅಮೆರಿಕದಲ್ಲಿ. ಇಂಗ್ಲೆಂಡಿನಲ್ಲಿ ಆಗ ಕಪ್ಪೆಯ ಹಾಗೆ ಈಜುವ ಬ್ರೆಸ್ಟ್‌ಸ್ಟ್ರೋಕ್‌ಗೇ ಮರ್ಯಾದೆ ಜಾಸ್ತಿ. 1875ರಲ್ಲಿ ಮ್ಯಾಥ್ಯೂ ವೆಬ್ ಇಂಗ್ಲಿಷ್ ಕಡಲ್ಗಾಲುವೆ ದಾಟಿದ್ದೂ ಅದರಲ್ಲೇ. ಇದಕ್ಕೆಲ್ಲ ಮೊದಲೇ, 1844ರಲ್ಲಿ, ಉತ್ತರ ಅಮೆರಿಕದ ಇಬ್ಬರು ಮೂಲನಿವಾಸಿಗಳು ಲಂಡನ್ನಿನ ಕೊಳದಲ್ಲಿ ಕಾಲನ್ನು ಮೇಲೆ ಕೆಳಗೆ ಬಡಿದು ಈಜಿ ತೋರಿಸಿದ್ದರು. ನೋಡಿದವರಿಗೆ ಅದು ಒರಟಾಗಿ ಕಂಡಿತು. ಎಂಥ ನಷ್ಟ, ಅಲ್ವಾ? ಕೈ ಬೀಸುತ್ತ ಕಾಲನ್ನು ಹಾಗೆ ಮೇಲೆ ಕೆಳಗೆ ಬಡಿಯುವ ಕ್ರಾಲ್, ಅಂದರೆ ಇವತ್ತಿನ ಫ್ರೀಸ್ಟೈಲ್, ರೇಸುಗಳಿಗೆ ಬಂದದ್ದು 1900ರ ಆಸುಪಾಸಿನಲ್ಲಿ, ಸಿಡ್ನಿಯಲ್ಲಿ. ಅಲ್ಲಿ ಸೊಲೊಮನ್ ದ್ವೀಪದ ಹುಡುಗ ಆಲಿಕ್ ವಿಕ್‌ಹ್ಯಾಮ್ ತನ್ನ ಊರಿನ ಈಜನ್ನೇ ಈಜಿದ. ಅಲ್ಲಿನ ಈಜುಗಾರರಾದ ಕ್ಯಾವಿಲ್ ಸಹೋದರರೂ ಅದನ್ನು ಬೆಳೆಸಿದರು.

ನಾನು ಮೊದಲು ಕಾಲನ್ನೇ ತಿದ್ದಲು ಹೊರಟೆ. ಕಿಕ್‌ಬೋರ್ಡ್ ಎಂಬ ತೇಲುವ ಹಲಗೆ ಹಿಡಿದು ಕಾಲು ಬಡಿದರೆ ಇದ್ದಲ್ಲೇ ಇರುತ್ತಿದ್ದೆ. ಪಾದದ ಗಂಟು ಬಿಗಿ, ಪಾದ ಹಿಂದಕ್ಕೆ ಚಾಚುತ್ತಲೇ ಇರಲಿಲ್ಲ. ದಿನವೂ ಐದು ನಿಮಿಷ ವಜ್ರಾಸನದಲ್ಲಿ ಕೂತೆ. ಮಂಡಿಯಿಂದಲ್ಲ, ಸೊಂಟದಿಂದ ಬಡಿಯುವುದನ್ನು ಗೋಡೆ ಹಿಡಿದು ಕಲಿತೆ. ಎರಡು ತಿಂಗಳಿಗೆ ಬೋರ್ಡ್ ಮುಂದೆ ಹೋಯಿತು. ಆದರೆ ಕೈ ಸೇರಿಸಿದ ತಕ್ಷಣ ಮತ್ತೆ ಅದೇ ಕತ್ತರಿ!

ವಿಡಿಯೊ ನಿಧಾನ ಮಾಡಿ ನೋಡಿದಾಗ ಗೊತ್ತಾಯಿತು. ಕಾಲು ತೆರೆಯುತ್ತಿದ್ದದ್ದು ಉಸಿರಿಗೆ ತಿರುಗಿದಾಗ ಮಾತ್ರ. ಬಾವಿಯ ಅಭ್ಯಾಸಕ್ಕೆ ತಲೆ ಪೂರ್ತಿ ಎತ್ತುತ್ತಿದ್ದೆ. ಮೈ ಮಗ್ಗುಲಿಗೆ ಉರುಳುತ್ತಿತ್ತು, ಮುಂದಿನ ಕೈ ಎದೆಯ ನಡುಗೆರೆ ದಾಟುತ್ತಿತ್ತು. ಬೀಳದ ಹಾಗೆ ತಡೆಯಲು ಕಾಲು ಅಗಲವಾಗುತ್ತಿತ್ತು. ಅದು ಸಮತೋಲಕ್ಕಾಗಿ ಮೈ ತಾನೇ ಹುಡುಕಿಕೊಂಡ ಆಸರೆ. ಸುಮ್ನೆ ಕಾಲನ್ನು ಬೈದು ಪ್ರಯೋಜನವಿರಲಿಲ್ಲ.

ಆಮೇಲೆ ಮೂರೇ ವಿಷಯ ಅಭ್ಯಾಸ ಮಾಡಿದೆ. ನೀರೊಳಗೇ ಪೂರ್ತಿ ಉಸಿರು ಬಿಡುವುದು. ತಿರುಗಿದಾಗ ಒಂದು ಕಣ್ಣು ನೀರಲ್ಲೇ ಇಡುವುದು. ಮುಂದಿನ ಕೈಯನ್ನು ಭುಜದ ನೇರಕ್ಕೇ ಚಾಚುವುದು. ಈಗ ಬಲಕ್ಕೆ ಉಸಿರು ತೆಗೆದುಕೊಂಡರೆ ಕಾಲು ಕೂಡಿಯೇ ಇರುತ್ತದೆ. ಎಡಕ್ಕೆ ತಿರುಗಿದಾಗ ಇನ್ನೂ ಸ್ವಲ್ಪ ತೆರೆಯುತ್ತದೆ. ಈ ತಿಂಗಳೆಲ್ಲ ಅದರದ್ದೇ ಅಭ್ಯಾಸ.